ಹಳೇ ನಂಬರು, ಹೊಸ ನಂಬರು, ನಡುವೆ ಅಮ್ಮ

ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಎದುರಿಗಿರುವ ಮಹಡಿ ಮೇಲಿನ ನಮ್ಮ ಇಂಟರ್‌ನೆಟ್ ಕಂಪನಿಯ ಕೋಣೆಯ ಬಾಗಿಲು ತೆಗೆಯುತ್ತಿದ್ದ ಹಾಗೇ ವಾಸನೆ ಮೂಗಿಗೆ ಹೊಡೆಯಿತು. ಕಾದ ಧೂಳು, ಹಳೇ ವೈರಿನ ರಬ್ಬರು, ಅದರ ಜೊತೆಗೆ ಕೆಳಗಿನ ಹೋಟೆಲಿನವರು ಹಾಕುವ ಸಾಸಿವೆ ಒಗ್ಗರಣೆ. ನಾನು ಹಾಸನದ ಆಫೀಸಿಗೆ ಹೋಗಿ ಇಷ್ಟು ವರ್ಷವಾದರೂ ಈ ಕೋಣೆ ತನ್ನ ವಾಸನೆ ಬಿಟ್ಟಿರಲಿಲ್ಲ. ಆವತ್ತು ಬಂದಿದ್ದು ಒಂದು ಡಬ್ಬಿಯನ್ನು ಆಫ್ ಮಾಡಿ, ಕಳಚಿಕೊಂಡು ಹೋಗುವುದಕ್ಕೆ.

ಲೋಕೇಶ ಇನ್ನೂ ಅಲ್ಲೇ ಇದ್ದಾನೆ. ಕಂಬ ಹತ್ತಿ ಕೇಬಲ್ ಎಳೆಯುತ್ತಿದ್ದವನು ಈಗ ಹೊಟ್ಟೆ ಬಂದು ಕುರ್ಚಿ ಹಿಡಿದಿದ್ದಾನೆ. ‘ನೀವೇ ಕೂರಿಸಿದ್ದು ಮೇಡಂ, ನೀವೇ ಎತ್ತಿ’ ಎಂದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. ಯಾರ ಮಾತು ಯಾರಿಗೆ ಮುಟ್ಟಬೇಕೆಂದು ಡಬ್ಬಿಯ ಒಳಗೆ ನಾವು ಬರೆದಿದ್ದ ಸಾಲುಗಳನ್ನೆಲ್ಲ ಅವನು ಆಗಲೇ ಅಳಿಸಿದ್ದ. ಒಂದು ಮಾತ್ರ ಉಳಿದಿತ್ತು. ಪ್ರತಿ ಸಾಲಿಗೂ ಗುರುತಿಗೆ ಗಿರಾಕಿಯ ಹೆಸರು ಕೊಡುವುದು ನಮ್ಮ ರೂಢಿ. ಈ ಸಾಲಿಗೆ ನಾನು ಕೊಟ್ಟಿದ್ದ ಹೆಸರು ‘ಅಮ್ಮ’.

ಇದ್ಯಾರೋ ಗೊತ್ತಾಗಲಿಲ್ಲ, ಅದಕ್ಕೇ ಮುಟ್ಟಲಿಲ್ಲ ಅಂದ ಲೋಕೇಶ. ನಾನು ಕಿಟಕಿ ಕಡೆ ನೋಡಿದೆ. ಹೊರಗೆ ಆಷಾಢದ ಗಾಳಿ ಬೀಸುತ್ತಿತ್ತು, ಆ ವರ್ಷದ ಹಾಗೇ.

ಆ ವರ್ಷ ನಮ್ಮ ಕೆಲಸ ಏನಿತ್ತೆಂದು ಮೊದಲು ಹೇಳಿಬಿಡುತ್ತೇನೆ. ಇಂಟರ್‌ನೆಟ್ಟಿನಲ್ಲಿ ಫೋನಿರಲಿ, ಕಂಪ್ಯೂಟರಿರಲಿ, ಗೋಡೆಗೆ ಹೊಡೆದ ಕ್ಯಾಮೆರಾ ಇರಲಿ, ಪ್ರತಿಯೊಂದಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರು ಬೇಕು. ಹಿಂದಿನವರು ಲೆಕ್ಕ ಹಾಕಿ ಇಟ್ಟ ನಂಬರುಗಳು ಪ್ರಪಂಚಕ್ಕೇ ಸಾಲದೆ ಹೋದವು. ನಮ್ಮಂಥ ಸಣ್ಣ ಕಂಪನಿಗೆ ಸಿಕ್ಕಿದ್ದು ಒಂದು ಹಿಡಿಯಷ್ಟು. ಒಂದೊಂದು ನಂಬರನ್ನು ಒಂದೊಂದು ಬೀದಿಗೆ ಹಂಚಿ, ಒಂದೇ ಕೊಡೆಯಡಿ ದಿಬ್ಬಣ ಹೊರಡಿಸಿದ ಹಾಗೆ ಕಾಲ ತಳ್ಳುತ್ತಿದ್ದೆವು. ಆಮೇಲೆ ಹೊಸ ಬಗೆಯ ನಂಬರು ಬಂತು. ಉದ್ದುದ್ದ, ಆದರೆ ಬೇಕಾದಷ್ಟು. ತೊಂದರೆ ಏನೆಂದರೆ ಹಳೇ ನಂಬರಿನ ಸಾಮಾನಿಗೆ ಹೊಸ ನಂಬರಿನವರ ಗುರುತೇ ಹತ್ತುವುದಿಲ್ಲ. ಎದುರಿಗೇ ಬಂದು ನಿಂತರೂ ಯಾರೂ ಇಲ್ಲ ಅನ್ನುತ್ತದೆ. ಬೇಲೂರಿನ ಲಾಡ್ಜಿನ ಬಿಲ್ ಮೆಷಿನ್ನು, ಗೆಂಡೆಹಳ್ಳಿಯ ಸೊಸೈಟಿಯ ಹೆಬ್ಬೆಟ್ಟಿನ ಯಂತ್ರ, ಹಳೇಬೀಡಿನ ಅಂಗಡಿಗಳ ಕ್ಯಾಮೆರಾ, ಎಲ್ಲ ಹಳೇ ಕಾಲದವೇ. ಅವನ್ನು ಎಸೆಯಿರಿ ಅಂದರೆ ಜನ ನಮ್ಮನ್ನೇ ಎಸೆಯುತ್ತಿದ್ದರು. ಹಾಗಾಗಿ ನಡುವೆ ಒಂದು ಡಬ್ಬಿ ಕೂರಿಸಿದೆವು. ಹೊಸ ಕಡೆಯಿಂದ ಬಂದ ಕಾಗದವನ್ನು ಅದರ ಲಕೋಟೆಯಿಂದ ತೆಗೆದು, ಹಳೇ ಲಕೋಟೆಗೆ ಹಾಕಿ ಆ ಕಡೆ ಕೊಡುವುದು. ಆ ಕಡೆಯ ಉತ್ತರಕ್ಕೆ ಮತ್ತೆ ಹೊಸ ಲಕೋಟೆ. ಎರಡೂ ಕಡೆಯವರಿಗೆ ಎದುರಿಗಿರುವವನು ತನ್ನವನೇ ಅನ್ನಿಸಬೇಕು, ಅಷ್ಟೇ.

ಇದನ್ನು ಮೊದಲ ಸಲ ಮನೆಯಲ್ಲಿ ವಿವರಿಸಿದಾಗ ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಳು. ಪೂರ್ತಿ ಕೇಳಿ, ‘ಇದುಕ್ಕೆ ಸಂಬ್ಳ ಬೇರೆ ಕೊಡ್ತಾರೇನೇ? ನಂಗ್ಯಾರ್ ಕೊಟ್ರು?’ ಅಂದಳು.

ಅವಳು ಅಂದದ್ದು ಸುಳ್ಳಲ್ಲ. ನಮ್ಮ ಮನೆಯಲ್ಲಿ ಅಪ್ಪನೂ ಅಣ್ಣನೂ ಮಾತು ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತು. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದು ರಿಟೈರಾದವರು. ಅಣ್ಣ ಹುಟ್ಟಿದಾಗ ನಮ್ಮದು ಗುಡಿಗೆ ಹೋಗುವ ಮನೆ, ಅದಕ್ಕೇ ಅವನು ಮಂಜುನಾಥ. ನಾನು ಹುಟ್ಟುವ ಹೊತ್ತಿಗೆ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು, ನಾನು ಸುಜಾತ. ಅಪ್ಪ ಚಿಕ್ಕವರಿದ್ದಾಗ ಯಾವುದೋ ಹಳ್ಳಿಯ ಗುಡಿಯ ಮುಂದೆ ನಮ್ಮ ತಾತನನ್ನು ಒಳಗೆ ಬಿಡದೆ ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಪಕ್ಕದಲ್ಲಿ ಅಪ್ಪ ಕೈ ಹಿಡಿದುಕೊಂಡು ನಿಂತಿದ್ದರಂತೆ. ಅದನ್ನು ಅವರು ಒಂದೇ ಸಲ ಹೇಳಿದ್ದು, ಆದರೆ ಅದರ ಮೇಲೇ ಇಡೀ ಬದುಕು ಕಟ್ಟಿದ್ದರು. ಅಣ್ಣ ಮದುವೆಯಾದದ್ದು ಹಳೇಬೀಡಿನ ಕಡೆಯ, ಹರಕೆ ಹೊರುವ ಮನೆಯ ಹುಡುಗಿಯನ್ನು. ಮದುವೆಗೆ ಅಪ್ಪ ತಕರಾರು ಮಾಡಲಿಲ್ಲ. ಮಗು ಧನ್ಯಳ ಮೊದಲ ಕೂದಲನ್ನು ಅತ್ತೆ ಮನೆಯವರ ಹರಕೆಯಂತೆ ಮಾಲೇಕಲ್ಲು ಬೆಟ್ಟದಲ್ಲಿ ಕೊಟ್ಟು ಬಂದಾಗ ಮಾತ್ರ, ‘ನಮ್ಮಪ್ಪನ್ನ ಗುಡಿ ಹೊರಗೆ ನಿಲ್ಸಿದ್ರು, ಇವ್ನು ಮಗೀನ ಕೂದ್ಲು ತಗಂಡೋಗಿ ಗುಡಿಗೇ ಕೊಟ್ಟವ್ನೆ’ ಅಂದವರು, ಮತ್ತೆ ಅವನ ಮುಖ ನೋಡಿ ಮಾತಾಡಲಿಲ್ಲ.

ಹಾಗಂತ ಅಣ್ಣ ಅರಸೀಕೆರೆಯ ನಮ್ಮ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಭಾನುವಾರ ಹಳೇಬೀಡಿನಿಂದ ಬೈಕಿನಲ್ಲಿ ಬಂದು ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದ. ಅಪ್ಪ ನಡುಮನೆಯ ಕುರ್ಚಿಯಲ್ಲಿ. ನಡುವೆ ಹೊಸ್ತಿಲು, ಹೊಸ್ತಿಲ ಮೇಲೆ ಅಮ್ಮ. ‘ಅವ್ನಿಗೇಳು, ಆ ದರಿದ್ರ ಬೈಕು ಮಾರಾಕ್ಲಿ ಅಂತ’ ಎಂದು ಒಳಗಿನಿಂದ ಅಪ್ಪ. ಅಮ್ಮ ಎರಡು ಹೆಜ್ಜೆ ಆ ಕಡೆ ಹೋಗಿ, ‘ಮಳೇಲಿ ನಿಧಾನಕ್ಕೆ ಓಡಿಸ್ಬೇಕಂತೆ ಕಣಪ್ಪ, ನಿಮ್ಮಪ್ಪಂಗೆ ನಿನ್ನದೇ ಯೋಚ್ನೆ’ ಅನ್ನುವಳು. ನಂಗೊತ್ತು ಅನ್ನು ಅಂತ ಅಣ್ಣ ಮುಖ ಊದಿಸಿದರೆ, ‘ಹೂಂ ಅಂದ’ ಎಂದು ಒಳಗೆ ವರದಿ. ಇಬ್ಬರಿಗೂ ಕಿವಿ ಚೆನ್ನಾಗಿಯೇ ಇತ್ತು. ಇಬ್ಬರೂ ಮೂಲವನ್ನು ಕೇಳಿಸಿಕೊಂಡು, ಕೇಳಿಸಲಿಲ್ಲವೆಂಬಂತೆ ಕೂತು, ಅಮ್ಮ ಹೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ನನಗೆ ನಗು ಬರುತ್ತಿತ್ತು. ನನ್ನ ಡಬ್ಬಿ ಲಕೋಟೆ ಮಾತ್ರ ಬದಲಿಸುತ್ತದೆ, ನೀನು ಕಾಗದವನ್ನೇ ಬದಲಿಸುತ್ತೀಯಲ್ಲ ಎಂದು ರೇಗಿಸುತ್ತಿದ್ದೆ.

ಆ ಮಳೆಗಾಲ ಶುರುವಾಗುತ್ತಲೇ ಅಮ್ಮನಿಗೆ ಉಸಿರಾಟ ಕಷ್ಟವಾಯಿತು. ಹಾಸನಕ್ಕೆ ಕರೆದುಕೊಂಡು ಹೋದೆವು. ಹೃದಯ ಸೋತಿದೆ, ನೀರು ತುಂಬುತ್ತಿದೆ, ಮಾತ್ರೆಯಲ್ಲಿ ಎಷ್ಟು ದಿನ ಎಳೆಯಬಹುದೋ ನೋಡೋಣ ಎಂದರು ಡಾಕ್ಟರು. ಅಲ್ಲಿಂದ ಬಂದ ಮೇಲೆ ಅವಳು ನಡುಮನೆಯ ಮಂಚ ಹಿಡಿದಳು. ಹೊಸ್ತಿಲ ತನಕ ಹೋಗುವುದಕ್ಕೂ ಆಗುತ್ತಿರಲಿಲ್ಲ. ಒಂದು ಸಂಜೆ ಕಾಲು ಒತ್ತಿಸಿಕೊಳ್ಳುತ್ತ ಹೇಳಿದಳು: ‘ಸುಜಿ, ನಾನಿರೋವಾಗ್ಲೇ ಒಂದ್ಸಲ ಅವ್ರಿಬ್ರೂ ಎದುರಾಬದುರು ಮಾತಾಡ್ಬೇಕು ಕಣೇ. ಇಲ್ದಿದ್ರೆ ನಾನ್ ಹೋದ್ಮೇಲೆ ಈ ಮನೇಲಿ ಮಾತೇ ನಿಂತೋಯ್ತದೆ.’ ಆ ಮಳೆಗಾಲವಿಡೀ ಅವಳು ಬಯಸಿದ್ದು ಇಷ್ಟನ್ನೇ. ಔಷಧಿ, ಪಥ್ಯ, ಆಸ್ಪತ್ರೆ ಯಾವುದರ ಮೇಲೂ ಅವಳಿಗೆ ಅಂಥ ಗಮನವಿರಲಿಲ್ಲ.

ಅಮ್ಮನಿಗೆ ಬೇಜಾರು ಕಳೆಯಲೆಂದು ಅಣ್ಣ ಒಂದು ಉಪಾಯ ಮಾಡಿದ್ದ. ಹಳೇಬೀಡಿನಲ್ಲಿ ಅವನದು ದೇವಸ್ಥಾನದ ರಸ್ತೆಯಲ್ಲಿ ಜೆರಾಕ್ಸ್ ಮತ್ತು ಫೋಟೋ ಅಂಗಡಿ, ಹಿಂದುಗಡೆಯೇ ಮನೆ. ಅಂಗಡಿಗೆಂದು ಯಾರಿಂದಲೋ ಕೊಂಡಿದ್ದ ಹಳೇ ಕ್ಯಾಮೆರಾವನ್ನು ಕಿತ್ತು ಮನೆಯ ಹಿತ್ತಲ ಗೋಡೆಗೆ ಹೊಡೆದು, ಅದು ಅಮ್ಮನ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟ. ಧನ್ಯ ಹಲ್ಲುಜ್ಜುವುದು, ತುಳಸಿ ಗಿಡದ ಹತ್ತಿರ ಕೋಳಿಮರಿ ಅಟ್ಟಿಸಿಕೊಂಡು ಓಡುವುದು, ಅತ್ತಿಗೆ ಬಟ್ಟೆ ಒಣಗಿಸುವುದು, ಎಲ್ಲ ಅಮ್ಮ ಮಲಗಿದಲ್ಲೇ ನೋಡುತ್ತಿದ್ದಳು.

ಅದೇ ಸಮಯಕ್ಕೆ ನಾವು ಹಳೇಬೀಡಿನ ಲೈನನ್ನು ಹೊಸ ನಂಬರಿಗೆ ತಂದೆವು. ಬೇಲೂರಿನ ಕಡೆ ಜಡಿಮಳೆ, ಇತ್ತ ಅರಸೀಕೆರೆಯಲ್ಲಿ ಬರೀ ಗಾಳಿ. ಜಾವಗಲ್ ದಾಟಿದ ಮೇಲೆ ಎಲ್ಲಿ ಮಳೆಗೆ ಸಿಕ್ಕಿಬೀಳುತ್ತೇವೋ ಗೊತ್ತಾಗುತ್ತಿರಲಿಲ್ಲ. ದಿನವೂ ನೆನೆದು ಬರುತ್ತಿದ್ದೆ. ಬೇಲೂರಿನ ಲಾಡ್ಜಿನವರು ನಾವು ಕೂರಿಸಿದ ಹೊಸ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ನೀರು ಚಿಮುಕಿಸಿ, ಅದು ಸತ್ತು ಹೋಗಿ, ನಿಮ್ಮ ಹೊಸ ನಂಬರೇ ಸರಿಯಿಲ್ಲ ಎಂದು ಲೋಕೇಶನ ಮೇಲೆ ರೇಗಿದರು. ಅವನು ಪೆಟ್ಟಿಗೆ ಬೋರಲು ಹಾಕಿ ಕುಂಕುಮದ ನೀರು ಇಳಿಸಿ ತೋರಿಸಿದ. ಅಂಥ ಗಲಾಟೆಯ ಮಧ್ಯೆ ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟಿದ್ದೆ. ಅಪ್ಪ ಕಾಫಿ ಲೋಟ ನೋಡುತ್ತ, ನಿಮ್ಮಮ್ಮನ ಫೋನಲ್ಲಿ ಅದೇನೋ ಕಾಣುತ್ತಿಲ್ಲವಂತೆ, ನೋಡು ಅಂದರು.

ಅಮ್ಮ ಮಾತ್ರೆಯ ಮಂಪರಿನಲ್ಲಿ ಮಲಗಿದ್ದಳು. ಈಚೆಗೆ ಬೆಳಗಿನ ಹೊತ್ತು ಅವಳು ಏಳುತ್ತಲೇ ಇರಲಿಲ್ಲ. ಧನ್ಯ ಹಲ್ಲುಜ್ಜುವ ಹೊತ್ತಿನಲ್ಲಿ ಆ ಫೋನು ನೋಡುತ್ತಿದ್ದವರು ಯಾರೆಂದು ನನಗೆ ಆಗ ತಿಳಿಯಿತು. ಎಚ್ಚರವಾದ ಮೇಲೆ ಅಮ್ಮನನ್ನು ಕೇಳಿದೆ. ‘ಈಗ್ ಗೊತ್ತಾಯ್ತಾ? ನಾನು ನಿದ್ದೆ ಬಂದಂಗೆ ಮಲ್ಕಂಡಿರ್ತೀನಿ, ನೋಡ್ಲಿ ಪಾಪ’ ಎಂದು ನಕ್ಕಳು. ನಕ್ಕದ್ದಕ್ಕೇ ಕೆಮ್ಮು ಬಂದು ಎಷ್ಟೋ ಹೊತ್ತು ನಿಲ್ಲಲಿಲ್ಲ.

ಅವತ್ತೇ ಹಳೇಬೀಡಿಗೆ ಹೋದೆ. ಕ್ಯಾಮೆರಾ ಸರಿಯಾಗಿಯೇ ಇತ್ತು. ಅದಕ್ಕೆ ಹಳೇ ನಂಬರು ಬಿಟ್ಟರೆ ಬೇರೆ ಗೊತ್ತಿಲ್ಲ, ಅಮ್ಮನ ಫೋನು ಈಗ ಹೊಸ ನಂಬರಿನಿಂದ ಕೂಗುತ್ತಿತ್ತು. ಡಬ್ಬಿಯಲ್ಲಿ ಇವೆರಡಕ್ಕೂ ಬೇರೆಯಾಗಿ ಒಂದು ಸಾಲು ಬರೆದು, ಹೆಸರು ಕೊಡುವ ಜಾಗದಲ್ಲಿ ‘ಅಮ್ಮ’ ಎಂದು ಹಾಕಿದೆ. ಹಿತ್ತಲು ಮತ್ತೆ ಕಾಣಿಸಿಕೊಂಡಿತು. ಅಮ್ಮ ಬಹಳ ಬೇಜಾರು ಮಾಡಿಕೊಂಡಳಾ ಎಂದು ಅಣ್ಣ ಕೇಳಿದ. ಬೇಜಾರು ಮಾಡಿಕೊಂಡದ್ದು ಅಮ್ಮ ಅಲ್ಲ, ಅಪ್ಪ ಅಂದೆ. ಅವನು ಅಂಗಡಿಗೆ ಹೋಗಿ ಯಾರದೋ ಆಧಾರ್ ಜೆರಾಕ್ಸ್ ಮಾಡತೊಡಗಿದ.

ಮಾರನೆಯ ಬೆಳಿಗ್ಗೆಯಿಂದ ಕ್ಯಾಮೆರಾದಲ್ಲಿ ಒಂದು ಹೊಸ ನೋಟ. ಧನ್ಯಳ ತಲೆ ಬಾಚುವ ಕೆಲಸ ಅತ್ತಿಗೆಯದು. ಈಗ ಅಣ್ಣ ಅವಳನ್ನು ಮುಂದೆ ಕೂರಿಸಿಕೊಂಡು, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಬಾರದ ಕೈಯಲ್ಲಿ ಜಡೆ ಹೆಣೆಯುತ್ತಿದ್ದ. ಮುಖ ತೋರಿಸಿದರೆ ಸೋತಂತಾಗುತ್ತದಲ್ಲ. ಇತ್ತ ಅಪ್ಪ ಕನ್ನಡಕ ಹಾಕಿಕೊಂಡು ಮಗನ ಬೆನ್ನು ನೋಡುತ್ತ ಕೂತಿರುತ್ತಿದ್ದರು. ಕಾಫಿ ಆರಿ ಹೋಗುತ್ತಿತ್ತು. ಅಮ್ಮ ಮಲಗಿದಂತೆ ಮಲಗಿ, ಒಂದು ಕಣ್ಣು ಬಿಟ್ಟು ನನ್ನ ಕಡೆ ನೋಡುತ್ತಿದ್ದಳು. ಆ ಕೆಲವು ದಿನ ನಮ್ಮ ಮನೆ ಸುಖವಾಗಿತ್ತು.

ಶ್ರಾವಣ ಕಳೆಯುವ ಹೊತ್ತಿಗೆ ಅಮ್ಮನ ಕಾಲು ಊದಿ, ಕೂತೇ ನಿದ್ದೆ ಮಾಡುವ ಹಾಗಾಯಿತು. ಮಾತು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಅದನ್ನೊಂದು ದೊಡ್ಡ ಗುಣ ಎಂದು ಬೇರೆ ತಿಳಿದಿದ್ದೆ. ಅಂಗಡಿ ಮುಚ್ಚಿ ನಾಲ್ಕು ದಿನ ಬಂದು ಅಮ್ಮನ ಹತ್ತಿರ ಇರುತ್ತೇನೆ, ಅಪ್ಪನನ್ನು ಕೇಳು ಎಂದ ಅಣ್ಣ ಫೋನಿನಲ್ಲಿ. ಕೇಳಿದೆ. ಬಂದು ಏನು ಮಾಡುತ್ತಾನಂತೆ, ಅವನೇನು ಡಾಕ್ಟರಾ ಎಂದರು ಅಪ್ಪ. ಅದನ್ನೇ ಹೇಳಿದೆ. ಅಣ್ಣ ಫೋನಿಟ್ಟ, ಆ ಭಾನುವಾರ ಬರಲಿಲ್ಲ. ವಿಷಯ ತಿಳಿದ ಅಮ್ಮ ಏದುಸಿರಿನಲ್ಲೇ ನನಗೆ ಬೈದಳು: ‘ಅಂದಿದ್ದನ್ನ ಅಂದಂಗೇ ಹೇಳಕ್ಕೆ ನೀನ್ಯಾಕ್ ಬೇಕೇ? ಅವ್ರಿಗೇನ್ ಕಿವಿ ಇಲ್ವಾ?’

ಅವಳು ಹೋದದ್ದು ಒಂದು ಬೆಳಗಿನ ಜಾವ. ಏನೂ ಹೇಳಿ ಹೋಗಲಿಲ್ಲ. ಲೋಟದಲ್ಲಿ ನೀರು ಕುಡಿಸಿದೆ, ಸಾಕು ಎಂದು ಕೈಯಾಡಿಸಿದಳು, ಆ ಕೈ ಹಾಗೇ ಇಳಿಯಿತು.

ಬೆಳಕು ಹರಿದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ತಲೆಯ ಹತ್ತಿರ ಅಪ್ಪ ಕೂತಿದ್ದರು. ನಮ್ಮ ಕಡೆಯವರು ಬಿಳಿ ಬಟ್ಟೆಯಲ್ಲಿ ಬಂದು ಬುದ್ಧ ವಂದನೆಗೆ ಸಿದ್ಧ ಮಾಡುತ್ತಿದ್ದರು. ಅಣ್ಣ ಅತ್ತಿಗೆ ಧನ್ಯ ಬಂದರು. ಅತ್ತಿಗೆ ಅಳುತ್ತ ಒಳಗೆ ಬಂದಳು. ಅಣ್ಣ ಮಾತ್ರ ಗೇಟಿನ ಒಳಗೆ, ತೆಂಗಿನ ಮರದ ಕೆಳಗೆ ನಿಂತುಬಿಟ್ಟ. ಸೋನೆ ಹನಿಯುತ್ತಿತ್ತು. ಬೈಕಿನಲ್ಲೇ ನೆನೆದು ಬಂದಿದ್ದವನು ಮತ್ತೆ ನೆನೆಯುತ್ತ ನಿಂತ. ಹತ್ತಿರ ಹೋದೆ. ಅಮ್ಮ ಮುತ್ತೈದೆಯಾಗಿ ಹೋಗಿದ್ದಾಳೆ, ಹಣೆಗೆ ಕುಂಕುಮ ಇಡಬೇಕು, ಅಪ್ಪನನ್ನು ಕೇಳು ಅಂದ. ಅಮ್ಮ ಬುದ್ಧನ ಫೋಟೋಕ್ಕೂ ಹೂವಿಡುತ್ತಿದ್ದಳು, ಸಾಸಿವೆ ಡಬ್ಬಿಯ ಹಿಂದೆ ಬೆಟ್ಟದ ಕುಂಕುಮದ ಪೊಟ್ಟಣವನ್ನೂ ಇಟ್ಟುಕೊಂಡಿದ್ದಳು. ಅಪ್ಪನಿಗೆ ಅದು ಗೊತ್ತಿತ್ತು, ಎಂದೂ ಕೇಳಿರಲಿಲ್ಲ.

ನಾನು ಒಳಗೆ ಹೋಗಿ ಅಪ್ಪನ ಪಕ್ಕ ಕೂತೆ. ಬಾಯಿ ತೆಗೆಯುವ ಮೊದಲೇ ಅಪ್ಪ ತಲೆಯೆತ್ತಿ ಬಾಗಿಲಾಚೆ ನೋಡಿದರು. ಮಗ ಮಳೆಯಲ್ಲಿ ನಿಂತದ್ದು ಕಂಡಿತು. ಆಮೇಲೆ ಅಮ್ಮನ ಕಡೆ ಬಗ್ಗಿ, ದಿನಾ ಹೇಳುವ ಹಾಗೇ ಹೇಳಿದರು:

‘ಏ ಇವ್ಳೇ, ಅವ್ನಿಗೇಳು. ಹೊರಗೆ ನಿಂತ್ಕಬ್ಯಾಡ, ಒಳಿಕ್ ಬಾ ಅಂತ.’

ಆ ಮಾತು ಗೇಟಿನ ತನಕ ಕೇಳಿಸಿತು. ಅಣ್ಣನಿಗೂ ಕೇಳಿಸಿತು, ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಅವನು ಕದಲಲಿಲ್ಲ. ಅಮ್ಮ ಎದ್ದು ಬಂದು ಹೇಳಲಿ ಎಂದು ಕಾಯುವವನ ಹಾಗೆ ನಿಂತೇ ಇದ್ದ. ಅಪ್ಪನೂ ಅಮ್ಮನ ಮುಖವನ್ನೇ ನೋಡುತ್ತಿದ್ದರು. ನಾನೂ ಕಾದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಪ್ಪನಿಗೆ ತಾನು ಯಾರಿಗೆ ಹೇಳಿದೆನೆಂಬುದು ತಿಳಿಯಿತು. ಅಷ್ಟು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿರಲಿಲ್ಲ. ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತರು. ನಾನೇ ಎದ್ದು ಹೋಗಿ ಅಣ್ಣನ ಕೈ ಹಿಡಿದು ಕರೆತಂದೆ. ಅವನು ಕುಂಕುಮ ಇಟ್ಟ. ಅಪ್ಪ ಬೇಡ ಅನ್ನಲಿಲ್ಲ, ನೋಡಲೂ ಇಲ್ಲ. ಆಮೇಲೆ ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳಿ ಮಣ್ಣು ಮಾಡಿದೆವು.

ಇನ್ನು ಮಾತು ಶುರುವಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ಅದೇ ಮಳೆಗೆ ಹಿತ್ತಲ ಗೋಡೆ ನೆನೆದು ಕ್ಯಾಮೆರಾ ಕೆಟ್ಟು ಹೋಯಿತು. ಅಪ್ಪ ಕೇಳಿದರೆ ಹೊಸದು ಹಾಕುತ್ತೇನೆ ಅಂದ ಅಣ್ಣ. ಅವನಾಗೇ ಹಾಕಿದರೆ ನೋಡುತ್ತೇನೆ ಅಂದರು ಅಪ್ಪ. ಎರಡನ್ನೂ ಅಂದದ್ದು ಅಂದಂತೆ ಒಯ್ದು ಮುಟ್ಟಿಸಿದೆ. ಅಮ್ಮನಾಗಿದ್ದರೆ ಅಲ್ಲಿ ಹೋಗಿ ಅಪ್ಪ ಕೇಳಿದರು ಅನ್ನುತ್ತಿದ್ದಳು, ಇಲ್ಲಿ ಬಂದು ಅವನಾಗೇ ಹಾಕುತ್ತಾನಂತೆ ಅನ್ನುತ್ತಿದ್ದಳು. ಹೊಸ ಕ್ಯಾಮೆರಾ ಬರಲಿಲ್ಲ. ಧನ್ಯ ಅಪ್ಪನ ಕಣ್ಣಿಗೆ ಕಾಣದೆಯೇ ಬೆಳೆದಳು. ಡಬ್ಬಿಯಲ್ಲಿ ಆ ಸಾಲು ಮಾತ್ರ ಹಾಗೇ ಉಳಿದಿತ್ತು.

‘ಅಳಿಸ್ಲಾ ಮೇಡಂ?’ ಎಂದು ಲೋಕೇಶ ಎರಡನೇ ಸಲ ಕೇಳಿದಾಗ, ನಾನೇ ಅಳಿಸುತ್ತೇನೆ ಅಂದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಡಬ್ಬಿಯ ಫ್ಯಾನು ಸ್ವಲ್ಪ ಹೊತ್ತು ತಿರುಗಿ ನಿಂತಿತು. ಹಳೇಬೀಡಿನಲ್ಲಿ, ಬೇಲೂರಿನಲ್ಲಿ ಈಗ ಎಲ್ಲರ ಮನೆಯಲ್ಲೂ ಹೊಸ ಸಾಮಾನೇ, ಒಂದಕ್ಕೊಂದು ನೇರವಾಗಿ ಮಾತಾಡಿಕೊಳ್ಳುತ್ತವೆ. ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ಲೋಕೇಶ ಕೆಳಗೆ ಇಳಿಸಿದ.

ಅವತ್ತು ಭಾನುವಾರ. ಮನೆಗೆ ಹೋದರೆ ಜಗಲಿಯ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಈಗಲೂ ಬರುತ್ತಾನೆ, ಅಪ್ಪನ ಮಾತ್ರೆ, ತರಕಾರಿ ತಂದು ಹೊಸ್ತಿಲ ಮೇಲಿಟ್ಟು ಕೂರುತ್ತಾನೆ. ತಲೆ ಅರ್ಧ ಬೆಳ್ಳಗಾಗಿದೆ. ಅಪ್ಪ ನಡುಮನೆಯ ಕುರ್ಚಿಯಲ್ಲಿ. ಹೊಸ್ತಿಲ ಮೇಲಿನ ಗೋಡೆಯಲ್ಲಿ ಅಮ್ಮನ ಫೋಟೋ. ನಾನು ಕೈಕಾಲು ತೊಳೆದು ಮುದ್ದೆಗೆ ಎಸರಿಟ್ಟೆ. ಅಷ್ಟರಲ್ಲಿ ಅಪ್ಪನ ದನಿ ಕೇಳಿಸಿತು. ಫೋಟೋದ ಕಡೆ ಮುಖ ಮಾಡಿದ್ದರು.

‘ಏ ಇವ್ಳೇ, ಅವ್ನಿಗೇಳು. ಉಂಡ್ಕಂಡು ಹೋಗ್ಲಿ ಅಂತ.’

ಅಣ್ಣ ಬೆಂಚಿನಿಂದ ಕತ್ತು ಹೊರಳಿಸಿ ಅದೇ ಫೋಟೋ ನೋಡಿದ. ‘ಹಸಿವಿಲ್ಲ ಅನ್ನಮ್ಮ.’

ನನಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಮುದ್ದೆ ಕೋಲು ಅಲ್ಲೇ ಬಿಟ್ಟು ಹೊಸ್ತಿಲ ಹತ್ತಿರ ಬಂದೆ. ನಾನು ಹೇಳುತ್ತೇನೆ, ನನ್ನ ಹತ್ತಿರ ಹೇಳಿ ಅಪ್ಪ ಅಂದೆ. ಅಪ್ಪ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

‘ನೀನ್ ಬ್ಯಾಡ ಬಿಡವ್ವ’ ಅಂದರು. ‘ನೀನು ನಾವಂದಿದ್ದನ್ನೇ ಹೇಳ್ತೀಯ.’

ಜಗಲಿಯಲ್ಲಿ ಅಣ್ಣ ತಲೆ ತಗ್ಗಿಸಿದ. ಅಪ್ಪ ಮತ್ತೆ ಫೋಟೋದ ಕಡೆ ತಿರುಗಿ, ಅದೇ ಮಾತನ್ನು ಮೊದಲಿನಿಂದ ಹೇಳಿದರು. ಹೇಳಿ, ಇಬ್ಬರೂ ಹೊಸ್ತಿಲು ನೋಡುತ್ತ ಕಾದರು. ಒಳಗೆ ಎಸರು ಕುದಿಯುತ್ತಿತ್ತು.